ರೇಸಿಂಗ್ ಬಹುಫಲಕ ಕ್ಲಚ್

ರೇಸಿಂಗ್ ಬಹುಫಲಕ ಕ್ಲಚ್ ಎಂಬುದು ಸ್ಪರ್ಧಾ ವಾಹನಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ನಡುವೆ ಅಳವಡಿಸುವ, ಎರಡು ಅಥವಾ ಹೆಚ್ಚು ಘರ್ಷಣಾ ಫಲಕಗಳುಳ್ಳ ಕ್ಲಚ್. ಸಾಮಾನ್ಯ ಕಾರಿನ ಕ್ಲಚ್‌ನಲ್ಲಿ ಇಂತಹ ಫಲಕ ಒಂದೇ ಇರುತ್ತದೆ. ಗ್ಯಾರೇಜುಗಳಲ್ಲಿ ಅದನ್ನು ಕ್ಲಚ್ ಪ್ಲೇಟ್ ಎಂದು ಕರೆಯುತ್ತಾರೆ. ಫಲಕಗಳ ಸಂಖ್ಯೆ ಹೆಚ್ಚಿದಂತೆ ಅದೇ ಒತ್ತುಬಲದಿಂದ ಹೆಚ್ಚು ಟಾರ್ಕನ್ನು ಸಾಗಿಸಬಹುದು. ಆದ್ದರಿಂದ ಕ್ಲಚ್‌ನ ವ್ಯಾಸ, ತೂಕ ಮತ್ತು ಜಡತ್ವಗಳನ್ನು ತಗ್ಗಿಸಲು ಸಾಧ್ಯವಾಗುತ್ತದೆ. ಆದರೆ ಗಾತ್ರದೊಂದಿಗೆ ಶಾಖವನ್ನು ತಾಳುವ ಶಕ್ತಿಯೂ ತಗ್ಗುತ್ತದೆ. ಬಿಡಿಭಾಗಗಳ ನಡುವಿನ ಅಂತರವೂ ಬಹಳ ಕಡಿಮೆಯಾಗಿರುವುದರಿಂದ ಅಳವಡಿಕೆಯ ಪ್ರತಿ ಹಂತದಲ್ಲೂ ಅಳತೆ ಅಗತ್ಯವಾಗುತ್ತದೆ. ರಸ್ತೆಯ ಕಾರನ್ನು ಟ್ರ್ಯಾಕ್ ಕಾರಾಗಿ ಮಾರ್ಪಡಿಸುವಾಗ ಹೆಚ್ಚಾಗಿ ಬಳಕೆಯಾಗುವುದು 184 ಮಿ.ಮೀ. (7.25 ಅಂಗುಲ) ವ್ಯಾಸದ, ಎರಡು ಫಲಕಗಳ ಒಣ ಕ್ಲಚ್. ಈ ಲೇಖನದಲ್ಲಿ ಮುಖ್ಯವಾಗಿ ಅದನ್ನೇ ವಿವರಿಸಲಾಗಿದೆ.

ರಚನೆ

ಕ್ಲಚ್‌ನ ತಳಹದಿ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೆ ಬಿಗಿದ ಫ್ಲೈವೀಲ್. ಅದರ ಮೇಲೆ ಕ್ಲಚ್‌ನ ಹೊರಕವಚವನ್ನು ಬೋಲ್ಟುಗಳಿಂದ ಕೂಡಿಸಲಾಗುತ್ತದೆ. ಇವೆರಡರ ನಡುವೆ ಫ್ಲೈವೀಲ್ ಕಡೆಯಿಂದ ಕ್ರಮವಾಗಿ ಮೊದಲನೆಯ ಘರ್ಷಣಾ ಫಲಕ, ಉಕ್ಕಿನ ನಡುಫಲಕ, ಎರಡನೆಯ ಘರ್ಷಣಾ ಫಲಕ ಮತ್ತು ಒತ್ತುಫಲಕಗಳು ಇರುತ್ತವೆ. ಘರ್ಷಣಾ ಫಲಕಗಳ ನಡುವಿನ ಗುಂಬವು ಗೇರ್‌ಬಾಕ್ಸಿನ ಒಳಬರುವ ಶಾಫ್ಟಿನ ಹಲ್ಲುಗಳ ಮೇಲೆ ಕೂರುತ್ತದೆ. ನಡುಫಲಕ ಮತ್ತು ಒತ್ತುಫಲಕಗಳು ಹೊರಕವಚದ ಕಂಬಗಳಲ್ಲಿ ಸಿಕ್ಕಿಕೊಂಡು ಎಂಜಿನ್ನಿನೊಂದಿಗೆ ತಿರುಗುತ್ತವೆ. ಆದರೆ ಹಿಂದೆ ಮುಂದೆ ಸರಿಯಲು ಅವುಗಳಿಗೆ ಸ್ವಾತಂತ್ರ್ಯವಿರುತ್ತದೆ.

ಇಡೀ ಜೋಡಣೆಯನ್ನು ಒತ್ತಿ ಹಿಡಿಯುವುದು ತಟ್ಟೆಯಾಕಾರದ ಡಯಾಫ್ರಮ್ ಸ್ಪ್ರಿಂಗ್. ಇದರ ಒಳಅಂಚನ್ನು ಬೆರಳುಗಳಂತೆ ಸೀಳಲಾಗಿರುತ್ತದೆ. ಚಾಲಕ ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಈ ಬೆರಳುಗಳನ್ನು ಒತ್ತುತ್ತದೆ. ಆಗ ಸ್ಪ್ರಿಂಗಿನ ಹೊರಅಂಚು ಒತ್ತುಫಲಕವನ್ನು ಬಿಡುಗಡೆ ಮಾಡಿ, ಫಲಕಗಳು ಒಂದರಿಂದೊಂದು ಬೇರಾಗುತ್ತವೆ.

ರಸ್ತೆ ಕಾರಿನ ಘರ್ಷಣಾ ಫಲಕದಲ್ಲಿ ಎಂಜಿನ್ನಿನ ಅದುರುವಿಕೆಯನ್ನು ಹೀರುವ ಸಣ್ಣ ಸುರುಳಿ ಸ್ಪ್ರಿಂಗುಗಳಿರುತ್ತವೆ. ರೇಸಿಂಗ್ ಫಲಕಗಳಲ್ಲಿ ತೂಕ ಉಳಿಸಲು ಸಾಮಾನ್ಯವಾಗಿ ಇವನ್ನು ಕೈಬಿಡಲಾಗುತ್ತದೆ. ಹೀಗಾಗಿ ಹಿಡಿತ ಥಟ್ಟನೆ ಬರುತ್ತದೆ. ಪೆಡಲ್ ತುಳಿದು ನಿಂತಾಗ ಬಿಡುಗಡೆಗೊಂಡ ಫಲಕಗಳು ಗಲಗಲ ಸದ್ದು ಮಾಡುತ್ತವೆ. ಈ ಸದ್ದು ದೋಷವಲ್ಲ.

ಕಾರ್ಯತತ್ತ್ವ

ಕ್ಲಚ್ ಸಾಗಿಸಬಲ್ಲ ಗರಿಷ್ಠ ಟಾರ್ಕನ್ನು ಕೆಳಗಿನ ಸೂತ್ರದಿಂದ ಅಂದಾಜಿಸಬಹುದು:

ಟಾರ್ಕ್ = ಘರ್ಷಣಾ ಮೇಲ್ಮೈಗಳ ಸಂಖ್ಯೆ × ಘರ್ಷಣಾಂಕ × ಒತ್ತುಬಲ × ಸರಾಸರಿ ತ್ರಿಜ್ಯ

ಪ್ರತಿ ಘರ್ಷಣಾ ಫಲಕಕ್ಕೆ ಎರಡು ಮೇಲ್ಮೈಗಳಿರುತ್ತವೆ. ಉದಾಹರಣೆಗೆ, ಘರ್ಷಣಾಂಕ 0.3, ಒತ್ತುಬಲ 5,000 ನ್ಯೂಟನ್ ಮತ್ತು ಸರಾಸರಿ ತ್ರಿಜ್ಯ 80 ಮಿ.ಮೀ. ಎಂದಿಟ್ಟುಕೊಂಡರೆ ಒಂದು ಮೇಲ್ಮೈ 120 ನ್ಯೂಟನ್-ಮೀಟರ್ ಟಾರ್ಕನ್ನು ಸಾಗಿಸುತ್ತದೆ. ಅಂದರೆ ಒಂದು ಫಲಕದ ಕ್ಲಚ್ 240, ಎರಡು ಫಲಕಗಳದು 480 ಮತ್ತು ಮೂರು ಫಲಕಗಳದು 720 ನ್ಯೂಟನ್-ಮೀಟರ್ ಟಾರ್ಕನ್ನು ತಾಳುತ್ತವೆ. ಇದೇ 480 ನ್ಯೂಟನ್-ಮೀಟರನ್ನು 100 ಮಿ.ಮೀ. ಸರಾಸರಿ ತ್ರಿಜ್ಯದ ಒಂದೇ ಫಲಕದಿಂದ ಪಡೆಯಬೇಕಾದರೆ ಒತ್ತುಬಲವನ್ನು 8,000 ನ್ಯೂಟನ್‌ಗೆ ಏರಿಸಬೇಕಾಗುತ್ತದೆ. ಪೆಡಲ್ ಅಷ್ಟರಮಟ್ಟಿಗೆ ಗಟ್ಟಿಯಾಗುತ್ತದೆ.

ವ್ಯಾಸ ಕಿರಿದಾಗುವುದರ ನಿಜವಾದ ಲಾಭ ಜಡತ್ವದಲ್ಲಿದೆ. ಒಂದೇ ದಪ್ಪದ ತಟ್ಟೆಗಳಲ್ಲಿ ಜಡತ್ವದ ಭ್ರಾಮಕವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 240 ಮಿ.ಮೀ. ತಟ್ಟೆಯನ್ನು 184 ಮಿ.ಮೀ.ಗೆ ಇಳಿಸಿದರೆ ಜಡತ್ವವು ಮೂಲದ ಸುಮಾರು 35 ಪ್ರತಿಶತಕ್ಕೆ ಕುಸಿಯುತ್ತದೆ. ಆಗ ಎಂಜಿನ್ ಬೇಗ ವೇಗ ಏರಿಸಿಕೊಳ್ಳುತ್ತದೆ, ಗೇರ್ ಬದಲಿಸುವಾಗ ಬೇಗ ಇಳಿಯುತ್ತದೆ. ಇದಲ್ಲದೆ ರೇಸಿಂಗ್‌ಗೆಂದೇ ವಿನ್ಯಾಸಗೊಳಿಸಿದ ಕಾರಿನಲ್ಲಿ ಕಿರಿದಾದ ಕ್ಲಚ್ ಮತ್ತು ಫ್ಲೈವೀಲ್ ಇದ್ದರೆ ಎಂಜಿನ್ನನ್ನು ಇನ್ನಷ್ಟು ಕೆಳಗೆ ಕೂರಿಸಿ, ಕಾರಿನ ಗುರುತ್ವಕೇಂದ್ರವನ್ನು ತಗ್ಗಿಸಬಹುದು.

ಇತಿಹಾಸ

ಬಹುಫಲಕ ಕ್ಲಚ್ ಮೊದಲು ಬಂದದ್ದು ರೇಸಿಂಗ್‌ಗಾಗಿ ಅಲ್ಲ. 20ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಎಂಜಿನಿಯರ್ ಹೆನ್ರಿ ಸೆಲ್ಬಿ ಹೀಲ್-ಶಾ (1854–1941) ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುವ, ಬೆಣೆಯಾಕಾರದ ಏಣುಗಳುಳ್ಳ ಲೋಹದ ಫಲಕಗಳ ಕ್ಲಚ್ ಒಂದನ್ನು ರೂಪಿಸಿದರು. ಆಗ ಉತ್ತಮ ಘರ್ಷಣಾ ಪದರಗಳು ಇನ್ನೂ ಬಂದಿರಲಿಲ್ಲ. ಆದ್ದರಿಂದ ಫಲಕಗಳ ಸಂಖ್ಯೆಯನ್ನು ಹೆಚ್ಚಿಸಿಯೇ ಹಿಡಿತವನ್ನು ಪಡೆಯಬೇಕಾಗಿತ್ತು. ಕಲ್ನಾರು ಆಧಾರಿತ ಪದರಗಳು ಬಂದ ಮೇಲೆ ರಸ್ತೆ ಕಾರುಗಳಲ್ಲಿ ಒಂದೇ ಫಲಕದ ಒಣ ಕ್ಲಚ್ ನೆಲೆಯೂರಿತು. ಬಹುಫಲಕ ವಿನ್ಯಾಸವು ಬೈಕುಗಳಲ್ಲಿ, ಸ್ವಯಂಚಾಲಿತ ಗೇರ್‌ಬಾಕ್ಸುಗಳಲ್ಲಿ ಮತ್ತು ರೇಸಿಂಗ್ ಕಾರುಗಳಲ್ಲಿ ಉಳಿದುಕೊಂಡಿತು.

1967ರಲ್ಲಿ ಸ್ಪರ್ಧೆಗಿಳಿದ ಕಾಸ್ವರ್ತ್ ಡಿಎಫ್‌ವಿ ಎಂಜಿನ್ನಿನ ಯುಗದಲ್ಲಿ ಬೋರ್ಗ್ ಅಂಡ್ ಬೆಕ್ ಹೆಸರಿನ 7.25 ಅಂಗುಲದ ಎರಡು ಫಲಕಗಳ ಕ್ಲಚ್ ಫಾರ್ಮುಲಾ ಒನ್ ಕಾರುಗಳಲ್ಲಿ ವ್ಯಾಪಕವಾಗಿ ಬಳಕೆಯಾಯಿತು. ಇಂದಿಗೂ ಟ್ರ್ಯಾಕ್ ಕಾರುಗಳಲ್ಲಿ ಅದೇ ಅಳತೆ ಮುಂದುವರಿದಿದೆ. ನಂತರ 140 ಮಿ.ಮೀ. (5.5 ಅಂಗುಲ) ಮತ್ತು 115 ಮಿ.ಮೀ. (4.5 ಅಂಗುಲ) ಅಳತೆಗಳು ಬಂದವು. 1980ರ ದಶಕದಿಂದ ವಿಮಾನಗಳ ಬ್ರೇಕುಗಳಲ್ಲಿ ಬಳಸುವಂತಹ ಕಾರ್ಬನ್ ಫಲಕಗಳು ಉನ್ನತ ಮಟ್ಟದ ಸ್ಪರ್ಧೆಗಳನ್ನು ಪ್ರವೇಶಿಸಿದವು. ಈಗಿನ ಫಾರ್ಮುಲಾ ಒನ್ ಕಾರಿನ ಕಾರ್ಬನ್ ಕ್ಲಚ್‌ನ ವ್ಯಾಸ ಸುಮಾರು 100 ಮಿ.ಮೀ. ಮಾತ್ರ.

ಫಲಕಗಳ ವಸ್ತು

ಬಹುಫಲಕ ಕ್ಲಚ್‌ಗಳಲ್ಲಿ ಮೂರು ಬಗೆಯ ಘರ್ಷಣಾ ವಸ್ತುಗಳು ಬಳಕೆಯಲ್ಲಿವೆ.

ಸಾವಯವ ಪದರ: ನಾರು ಮತ್ತು ರಾಳಗಳ ಮಿಶ್ರಣ. ಹಿಡಿತ ಮೃದುವಾಗಿರುತ್ತದೆ, ಆದರೆ ಹೆಚ್ಚಿನ ಶಾಖದಲ್ಲಿ ರಾಳ ಸುಟ್ಟು ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ರಸ್ತೆಯಲ್ಲೂ ಓಡಬೇಕಾದ ಕಾರುಗಳಿಗೆ ಇದು ಸೂಕ್ತ.

ಲೋಹಪುಡಿಯ ಪದರ: ತಾಮ್ರ ಮೊದಲಾದ ಲೋಹಗಳ ಪುಡಿಯನ್ನು ಪಿಂಗಾಣಿ ಕಣಗಳೊಂದಿಗೆ ಬೆರೆಸಿ, ಒತ್ತಿ ಕಾಯಿಸಿ ತಯಾರಿಸಿದ್ದು. ಹೆಚ್ಚು ಶಾಖವನ್ನು ತಾಳುತ್ತದೆ. ಟ್ರ್ಯಾಕ್ ಕಾರುಗಳಲ್ಲಿ ಇದೇ ಹೆಚ್ಚು ಪ್ರಚಲಿತ.

ಕಾರ್ಬನ್: ಅತಿ ಹಗುರ, ಅತಿ ಹೆಚ್ಚು ಉಷ್ಣತೆಯಲ್ಲೂ ಬಲ ಕಳೆದುಕೊಳ್ಳದು. ತಣ್ಣಗಿರುವಾಗ ಇದರ ಹಿಡಿತ ಕಡಿಮೆ, ಕಾದಂತೆ ಹೆಚ್ಚುತ್ತದೆ. ಬೆಲೆ ಬಹಳ ಅಧಿಕ.

ಅಳವಡಿಕೆಗೆ ಮುನ್ನ

ಮೊದಲನೆಯದಾಗಿ ಎಂಜಿನ್ನಿನ ಗರಿಷ್ಠ ಟಾರ್ಕ್, ಕಾರಿನ ತೂಕ ಮತ್ತು ಸ್ಪರ್ಧೆಯ ನಿಯಮಗಳನ್ನು ಆಧರಿಸಿ ಕ್ಲಚ್ ಆಯ್ಕೆಯಾಗಬೇಕು. ಟಾರ್ಕ್ ಸಾಮರ್ಥ್ಯ ಅಗತ್ಯಕ್ಕಿಂತ ತೀರಾ ಹೆಚ್ಚಾದರೆ ಆಘಾತವೆಲ್ಲ ಗೇರ್‌ಬಾಕ್ಸ್ ಮತ್ತು ಆಕ್ಸಲ್‌ಗಳ ಮೇಲೆ ಬೀಳುತ್ತದೆ. ತೀರಾ ಕಡಿಮೆಯಾದರೆ ಫಲಕಗಳು ಜಾರಿ ಸುಡುತ್ತವೆ.

ಕಿರಿದಾದ ಕ್ಲಚ್‌ಗೆ ಅದರ ಬೋಲ್ಟು ರಂಧ್ರಗಳಿಗೆ ಹೊಂದುವ ಫ್ಲೈವೀಲ್ ಬೇಕು. ಸ್ಟಾರ್ಟರ್ ಮೋಟಾರಿನ ಹಲ್ಲುಗಳು ಸೇರುವ ರಿಂಗ್ ಗೇರ್ ಮೂಲದ ಸ್ಥಾನದಲ್ಲೇ ಇರಬೇಕು. ಘರ್ಷಣಾ ಫಲಕದ ಗುಂಬದ ಹಲ್ಲುಗಳ ಸಂಖ್ಯೆ ಮತ್ತು ಅಳತೆಗಳು ಗೇರ್‌ಬಾಕ್ಸಿನ ಶಾಫ್ಟಿಗೆ ಸರಿಹೊಂದಬೇಕು. ಕ್ಲಚ್ ಜೋಡಿಸುವ ಮೊದಲೇ ಪ್ರತಿ ಫಲಕವನ್ನು ಶಾಫ್ಟಿನ ಮೇಲೆ ಜಾರಿಸಿ ನೋಡಲಾಗುತ್ತದೆ; ಅದು ತನ್ನ ಭಾರದಿಂದಲೇ ಸಲೀಸಾಗಿ ಇಳಿಯಬೇಕು.

ರಿಲೀಸ್ ಬೇರಿಂಗಿನ ಮುಖವೂ ಮುಖ್ಯ. ಸ್ಪ್ರಿಂಗಿನ ಬೆರಳುಗಳ ತುದಿ ಚಪ್ಪಟೆಯಾಗಿದ್ದರೆ ಬೇರಿಂಗಿನ ಮುಖ ದುಂಡಾಗಿರಬೇಕು. ಬೆರಳುಗಳ ತುದಿ ಬಾಗಿದ್ದರೆ ಬೇರಿಂಗಿನ ಮುಖ ಚಪ್ಪಟೆಯಾಗಿರಬೇಕು. ಎರಡೂ ಚಪ್ಪಟೆಯಾದರೆ ಅಂಚುಗಳು ಕೊರೆದು ಬೆರಳುಗಳು ಬೇಗ ಸವೆಯುತ್ತವೆ. ರಸ್ತೆ ಕಾರಿನ ಬೇರಿಂಗು ಸಾಮಾನ್ಯವಾಗಿ ದೊಡ್ಡದಾಗಿದ್ದು, ಕಿರಿದಾದ ಕ್ಲಚ್‌ನ ಬೆರಳುಗಳ ಸರಿಯಾದ ಜಾಗವನ್ನು ಒತ್ತುವುದಿಲ್ಲ.

ಜೋಡಣೆಯ ಕ್ರಮ

ಜೋಡಣೆ ಸಾಮಾನ್ಯವಾಗಿ ಈ ಕೆಳಗಿನ ಕ್ರಮದಲ್ಲಿ ನಡೆಯುತ್ತದೆ. ಬಿಗಿತ ಮತ್ತು ಅಂತರಗಳ ನಿಖರ ಅಂಕಿಗಳು ಪ್ರತಿ ಕ್ಲಚ್‌ಗೂ ಬೇರೆಯಾಗಿರುವುದರಿಂದ ಅವನ್ನು ತಯಾರಕರ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

1. ಫ್ಲೈವೀಲನ್ನು ಶುಚಿಗೊಳಿಸಿ, ಕ್ರ್ಯಾಂಕ್‌ಶಾಫ್ಟಿಗೆ ಬಿಗಿದು, ಡಯಲ್ ಗೇಜ್ ಇಟ್ಟು ತಿರುಗಿಸಿ ಅದರ ಓಲಾಟವನ್ನು ಅಳೆಯಲಾಗುತ್ತದೆ. ಹೊಸ ಕ್ಲಚ್‌ನ ಮೇಲಿನ ತುಕ್ಕುತಡೆ ಎಣ್ಣೆಯನ್ನು ಪೂರ್ತಿಯಾಗಿ ಒರೆಸಿ ತೆಗೆಯಬೇಕು.

2. ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿರುವ ಪೈಲಟ್ ಬೇರಿಂಗನ್ನು ಪರಿಶೀಲಿಸಿ, ಸವೆದಿದ್ದರೆ ಬದಲಿಸಲಾಗುತ್ತದೆ.

3. ಘರ್ಷಣಾ ಫಲಕಗಳನ್ನು ಸರಿಯಾದ ಮುಖದಲ್ಲಿ ಇಡಬೇಕು. ಫಲಕದ ಗುಂಬ ಒಂದು ಬದಿಗೆ ಹೆಚ್ಚು ಚಾಚಿಕೊಂಡಿರುತ್ತದೆ. ಫಲಕವನ್ನು ತಿರುಗುಮುರುಗಾಗಿ ಇಟ್ಟರೆ ಎರಡು ಗುಂಬಗಳು ಒಂದಕ್ಕೊಂದು ತಾಗುತ್ತವೆ, ಇಲ್ಲವೇ ಗುಂಬವು ಫ್ಲೈವೀಲಿನ ಬೋಲ್ಟುಗಳಿಗೆ ತಾಗುತ್ತದೆ. ಆಗ ಕ್ಲಚ್ ಪೂರ್ತಿಯಾಗಿ ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ.

4. ನಡುಫಲಕವು ಕಂಬಗಳ ಮೇಲೆ ಸಿಕ್ಕಿಕೊಳ್ಳದೆ ಸರಿಯುವುದೇ ಎಂದು ಕೈಯಿಂದ ನೋಡಲಾಗುತ್ತದೆ.

5. ಎರಡೂ ಫಲಕಗಳ ಹಲ್ಲುಗಳನ್ನು ಒಂದೇ ಸಾಲಿಗೆ ತರಲು ಜೋಡಣೆಯ ಸಲಾಕೆಯನ್ನು ತೂರಿಸಲಾಗುತ್ತದೆ. ಗೇರ್‌ಬಾಕ್ಸಿನ ಹಳೆಯ ಶಾಫ್ಟ್ ಇದಕ್ಕೆ ಉತ್ತಮ ಉಪಕರಣ. ಒಂದೇ ಫಲಕವಿರುವಾಗ ಅಂದಾಜಿನಿಂದ ನಡೆಯುವ ಈ ಕೆಲಸ ಎರಡು ಫಲಕಗಳಿರುವಾಗ ನಡೆಯದು.

6. ಹೊರಕವಚದ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿದು, ಕೊನೆಗೆ ಟಾರ್ಕ್ ಪಾನಾದಿಂದ ನಿಗದಿತ ಬಿಗಿತಕ್ಕೆ ತರಲಾಗುತ್ತದೆ. ಒಂದೇ ಬದಿಯಿಂದ ಬಿಗಿದರೆ ಕವಚ ತಿರುಚಿಕೊಳ್ಳುತ್ತದೆ.

7. ಗೇರ್‌ಬಾಕ್ಸನ್ನು ಉದ್ದನೆಯ ಮಾರ್ಗದರ್ಶಿ ಕಂಬಿಗಳ ಮೇಲೆ ನೇರವಾಗಿ ಜಾರಿಸಿ ಸೇರಿಸಲಾಗುತ್ತದೆ. ಗೇರ್‌ಬಾಕ್ಸಿನ ಭಾರವು ಯಾವ ಕ್ಷಣದಲ್ಲೂ ಕ್ಲಚ್ ಫಲಕಗಳ ಮೇಲೆ ನೇತಾಡಬಾರದು. ತೆಳುವಾದ ರೇಸಿಂಗ್ ಫಲಕಗಳು ಇದರಿಂದ ಬಾಗುತ್ತವೆ. ಬಾಗಿದ್ದು ಕಣ್ಣಿಗೆ ಕಾಣದಿದ್ದರೂ ಮುಂದೆ ಕ್ಲಚ್ ಬಿಡದಂತಾಗುತ್ತದೆ. ಬೋಲ್ಟುಗಳನ್ನು ಬಿಗಿದು ಗೇರ್‌ಬಾಕ್ಸನ್ನು ಬಲವಂತವಾಗಿ ಎಳೆದು ಕೂರಿಸುವುದೂ ಇಷ್ಟೇ ಅಪಾಯಕಾರಿ.

ಬೇರಿಂಗಿನ ಅಂತರ

ಗೇರ್‌ಬಾಕ್ಸನ್ನು ಸೇರಿಸುವ ಮೊದಲು ಮಾಡಬೇಕಾದ ಅತಿ ಮುಖ್ಯ ಅಳತೆ, ಪೂರ್ತಿ ಹಿಂದೆ ಸರಿದ ರಿಲೀಸ್ ಬೇರಿಂಗಿಗೂ ಸ್ಪ್ರಿಂಗಿನ ಬೆರಳುಗಳಿಗೂ ನಡುವಿನ ಅಂತರ. ತಳ್ಳುವ ಬಗೆಯ ಕ್ಲಚ್‌ನಲ್ಲಿ ಘರ್ಷಣಾ ಪದರ ಸವೆದಂತೆ ಒತ್ತುಫಲಕ ಫ್ಲೈವೀಲಿನ ಕಡೆಗೆ ಸರಿಯುತ್ತದೆ. ಸ್ಪ್ರಿಂಗಿನ ಬೆರಳುಗಳು ವಿರುದ್ಧ ದಿಕ್ಕಿನಲ್ಲಿ, ಅಂದರೆ ಗೇರ್‌ಬಾಕ್ಸಿನ ಕಡೆಗೆ ಚಾಚುತ್ತವೆ. ಅವುಗಳಿಗೆ ಹಿಂದೆ ಬರಲು ಜಾಗವಿಲ್ಲದಿದ್ದರೆ ಅವು ಬೇರಿಂಗಿನ ಮೇಲೆಯೇ ಒರಗಿ ನಿಲ್ಲುತ್ತವೆ. ಆಗ ಕಾಲು ಪೆಡಲಿನ ಮೇಲಿಲ್ಲದಿದ್ದರೂ ಪೆಡಲನ್ನು ಅರ್ಧ ತುಳಿದ ಸ್ಥಿತಿ ಉಂಟಾಗಿ ಕ್ಲಚ್ ಜಾರಲಾರಂಭಿಸುತ್ತದೆ.

ಅಂತರವನ್ನು ಹೀಗೆ ಲೆಕ್ಕ ಹಾಕಲಾಗುತ್ತದೆ. ಎಂಜಿನ್ನಿನ ಕೂಡುಮುಖದಿಂದ ಬೆರಳುಗಳ ತುದಿಯವರೆಗಿನ ದೂರ 62 ಮಿ.ಮೀ., ಬೆಲ್ ಹೌಸಿಂಗಿನ ಕೂಡುಮುಖದಿಂದ ಹಿಂದೆ ಸರಿದ ಬೇರಿಂಗಿನ ಮುಖದವರೆಗಿನ ಆಳ 66 ಮಿ.ಮೀ. ಎಂದಿಟ್ಟುಕೊಂಡರೆ ಅಂತರ 4 ಮಿ.ಮೀ. ಆಗುತ್ತದೆ. ಕ್ಲಚ್‌ಗೆ ಒಟ್ಟು 0.75 ಮಿ.ಮೀ. ಸವೆತಕ್ಕೆ ಅವಕಾಶವಿದ್ದು, ಸ್ಪ್ರಿಂಗಿನ ಸನ್ನೆಯ ಅನುಪಾತ 4 ಆಗಿದ್ದರೆ ಬೆರಳುಗಳು 3 ಮಿ.ಮೀ. ಹಿಂದೆ ಬರುತ್ತವೆ, ಕೊನೆಗೆ 1 ಮಿ.ಮೀ. ಉಳಿಯುತ್ತದೆ. ಅಂತರ ಕಡಿಮೆಯಾದರೆ ಬೇರಿಂಗಿನ ಕೆಳಗಿನ ಬಿಲ್ಲೆಯನ್ನು ತೆಗೆಯಬೇಕು ಅಥವಾ ಬೇರಿಂಗಿನ ಆಸನವನ್ನು ಕಡೆಯಬೇಕು. ಅತಿ ಹೆಚ್ಚಾದರೂ ಕಷ್ಟವೇ: ದ್ರವಚಾಲಿತ ಬೇರಿಂಗಿನ ಪಿಸ್ಟನ್ ತನ್ನ ಮಿತಿಯನ್ನು ಮೀರಿ ಹೊರಬಂದು ದ್ರವ ಸೋರುತ್ತದೆ.

ಪೆಡಲ್ ತಡೆ

ರೇಸಿಂಗ್ ಕ್ಲಚ್ ಬಿಡಲು ಬೇರಿಂಗ್ ಕೆಲವೇ ಮಿಲಿಮೀಟರ್ ಚಲಿಸಿದರೆ ಸಾಕು. ಅದಕ್ಕಿಂತ ಹೆಚ್ಚು ಒತ್ತಿದರೆ ಸ್ಪ್ರಿಂಗ್ ಅತಿಯಾಗಿ ಬಾಗಿ ಹಾಳಾಗುತ್ತದೆ. ರಸ್ತೆ ಕಾರಿನ ಪೆಡಲ್ ವ್ಯವಸ್ಥೆಯನ್ನು ಹಾಗೆಯೇ ಉಳಿಸಿಕೊಂಡಾಗ ಈ ಹಾನಿ ಸುಲಭವಾಗಿ ಸಂಭವಿಸುತ್ತದೆ.

ಬೇರಿಂಗಿನ ಪಿಸ್ಟನ್ ವಿಸ್ತೀರ್ಣ 8 ಚದರ ಸೆಂ.ಮೀ. ಮತ್ತು ಬೇಕಾದ ಚಲನೆ 6 ಮಿ.ಮೀ. ಎಂದಾದರೆ 4.8 ಘನ ಸೆಂ.ಮೀ. ದ್ರವ ಬೇಕು. 19.05 ಮಿ.ಮೀ. (ಮುಕ್ಕಾಲು ಅಂಗುಲ) ವ್ಯಾಸದ ಮಾಸ್ಟರ್ ಸಿಲಿಂಡರ್ ಇಷ್ಟನ್ನು ಸುಮಾರು 17 ಮಿ.ಮೀ. ಚಲನೆಯಲ್ಲಿ ಒದಗಿಸುತ್ತದೆ. ಪೆಡಲಿನ ಅನುಪಾತ 5 ಇದ್ದರೆ ಕಾಲು ಸುಮಾರು 84 ಮಿ.ಮೀ. ಚಲಿಸಬೇಕು. ಪೆಡಲ್ 130 ಮಿ.ಮೀ.ವರೆಗೆ ಹೋಗುವಂತಿದ್ದರೆ, ಬೇರಿಂಗ್ 9 ಮಿ.ಮೀ.ಗಿಂತಲೂ ಹೆಚ್ಚು ಚಲಿಸಿ ಸ್ಪ್ರಿಂಗನ್ನು ಹಾಳುಮಾಡುತ್ತದೆ. ಆದ್ದರಿಂದ ಪೆಡಲಿನ ಕೆಳಗೆ ಗಟ್ಟಿಯಾದ ತಡೆಯನ್ನು ಅಳವಡಿಸುವುದು ಕಡ್ಡಾಯ.

ತಡೆಯನ್ನು ಹೊಂದಿಸುವಾಗ ಕಾರನ್ನು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಎಂಜಿನ್ ಆರಿಸಿ, ಗೇರ್ ಹಾಕಿ, ಒಬ್ಬರು ಪೆಡಲನ್ನು ನಿಧಾನವಾಗಿ ತುಳಿಯುವಾಗ ಇನ್ನೊಬ್ಬರು ಚಾಲಕ ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡುತ್ತಾರೆ. ಕ್ಲಚ್ ಬಿಟ್ಟ ಜಾಗವನ್ನು ಗುರುತಿಸಿ, ಅದಕ್ಕೆ ತಯಾರಕರು ಸೂಚಿಸಿದಷ್ಟೇ ಹೆಚ್ಚುವರಿ ಚಲನೆಯನ್ನು ಸೇರಿಸಿ ತಡೆಯನ್ನು ಬಿಗಿಯಲಾಗುತ್ತದೆ. ಇದಕ್ಕೂ ಮೊದಲು ಕೊಳವೆಗಳಲ್ಲಿನ ಗಾಳಿಯನ್ನು ಪೂರ್ತಿಯಾಗಿ ಹೊರತೆಗೆದಿರಬೇಕು. ಇಲ್ಲವಾದರೆ ಅಳತೆ ತಪ್ಪುತ್ತದೆ.

ಶಾಖ ಮತ್ತು ಬಳಕೆಯ ಮಿತಿ

ನಿಂತ ಕಾರನ್ನು ಹೊರಡಿಸುವಾಗ ಕ್ಲಚ್ ಜಾರುತ್ತಾ ಹಿಡಿಯುತ್ತದೆ. ಎಂಜಿನ್ನಿನ ವೇಗ ಸ್ಥಿರವಾಗಿದ್ದು ಟಾರ್ಕ್ ಸಮನಾಗಿದ್ದರೆ, ಈ ಅವಧಿಯಲ್ಲಿ ಕ್ಲಚ್‌ನಲ್ಲಿ ಹುಟ್ಟುವ ಶಾಖವು ಕಾರು ಗಳಿಸಿದ ಚಲನಶಕ್ತಿಗೆ ಸಮನಾಗಿರುತ್ತದೆ. 1,000 ಕಿ.ಗ್ರಾಂ. ತೂಕದ ಕಾರು ಗಂಟೆಗೆ 40 ಕಿ.ಮೀ. ವೇಗ ತಲುಪುವವರೆಗೆ ಕ್ಲಚ್ ಜಾರಿದರೆ ಸುಮಾರು 62 ಕಿಲೋಜೂಲ್ ಶಾಖ ಹುಟ್ಟುತ್ತದೆ. ಇದು 2 ಕಿ.ಗ್ರಾಂ. ಉಕ್ಕಿನಲ್ಲಿ ಸೇರಿದರೆ ಉಷ್ಣತೆ ಸರಾಸರಿ 65 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಘರ್ಷಣೆಯ ಮೇಲ್ಮೈಯಲ್ಲಿ ಏರಿಕೆ ಇದಕ್ಕಿಂತ ಬಹಳ ಹೆಚ್ಚು. ತಣಿಯಲು ಸಮಯ ಕೊಡದೆ ಐದಾರು ಬಾರಿ ಹೀಗೆ ಹೊರಟರೆ ನಡುಫಲಕ ಬಾಗಲು ಅಷ್ಟೇ ಸಾಕು. ದೊಡ್ಡ ಕ್ಲಚ್‌ನಲ್ಲಿ ಇದೇ ಶಾಖ ಹೆಚ್ಚು ಲೋಹದಲ್ಲಿ ಹಂಚಿಹೋಗುತ್ತದೆ. ಸ್ಪರ್ಧೆಯ ವೇಗದಲ್ಲಿ ಗಟ್ಟಿಯಾಗಿ ನಿಲ್ಲುವ ಕಿರಿದಾದ ಕ್ಲಚ್, ನಗರದ ದಟ್ಟಣೆಯಲ್ಲಿ ಅಥವಾ ಟ್ರೇಲರ್ ಏರುವ ಇಳಿಜಾರಿನಲ್ಲಿ ಬೇಗ ಕೆಡಲು ಇದೇ ಕಾರಣ.

ಸಾಮಾನ್ಯ ದೋಷಗಳು

ಕ್ಲಚ್ ಬಿಡದಿರುವುದು: ಪೆಡಲ್ ತುಳಿದರೂ ಗೇರ್ ಬೀಳದೆ ಕರಕರ ಸದ್ದು ಬರುತ್ತದೆ. ಕೊಳವೆಯಲ್ಲಿ ಗಾಳಿ, ಪೆಡಲ್ ತಡೆ ಎತ್ತರವಾಗಿರುವುದು, ಬಾಗಿದ ಫಲಕ, ಶಾಫ್ಟಿನ ಹಲ್ಲುಗಳಲ್ಲಿ ಫಲಕ ಸಿಕ್ಕಿಕೊಳ್ಳುವುದು ಇದರ ಕಾರಣಗಳು.

ಕ್ಲಚ್ ಜಾರುವುದು: ಎಂಜಿನ್ನಿನ ವೇಗ ಏರಿದರೂ ಕಾರಿನ ವೇಗ ಏರುವುದಿಲ್ಲ. ಬೇರಿಂಗಿನ ಅಂತರ ಮುಗಿದಿರುವುದು, ಎಣ್ಣೆ ಸೋರಿಕೆ, ಸವೆದ ಅಥವಾ ಸುಟ್ಟ ಪದರಗಳು ಇದರ ಕಾರಣಗಳು.

ಕ್ರ್ಯಾಂಕ್‌ಶಾಫ್ಟಿನ ಹಿಂದುಮುಂದಿನ ಸವೆತ: ಪೆಡಲನ್ನು ದೀರ್ಘಕಾಲ ತುಳಿದು ನಿಂತರೆ ಕ್ಲಚ್‌ನ ಬಲವೆಲ್ಲ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗಿನ ಮೇಲೆ ಬೀಳುತ್ತದೆ. ಕಾದು ನಿಲ್ಲುವಾಗ ಗೇರನ್ನು ತಟಸ್ಥಕ್ಕೆ ತಂದು ಕಾಲು ತೆಗೆಯುವುದು ಸರಿಯಾದ ಅಭ್ಯಾಸ.

ಸುರಕ್ಷತೆ

ತಿರುಗುವ ತಟ್ಟೆಯ ಒಳಗಿನ ಸೆಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟಾಗುತ್ತದೆ. ಅತಿವೇಗದಲ್ಲಿ ಒಡೆದ ಫ್ಲೈವೀಲ್ ಅಥವಾ ಕ್ಲಚ್‌ನ ತುಂಡುಗಳು ಬೆಲ್ ಹೌಸಿಂಗನ್ನು ಸೀಳಿ ಚಾಲಕನ ಕಾಲುಗಳತ್ತ ನುಗ್ಗಬಲ್ಲವು. ಆದ್ದರಿಂದ ಹೆಚ್ಚಿನ ವೇಗದಲ್ಲಿ ತಿರುಗುವ ಎಂಜಿನ್ನುಗಳಿಗೆ ಎರಕದ ಕಬ್ಬಿಣದ ಫ್ಲೈವೀಲ್ ಸಲ್ಲದು, ಉಕ್ಕಿನದು ಬೇಕು. ಫ್ಲೈವೀಲನ್ನು ಹಗುರಗೊಳಿಸಲು ಮನಬಂದಂತೆ ಕಡೆಯುವುದೂ ರಂಧ್ರ ಕೊರೆಯುವುದೂ ಅಪಾಯಕಾರಿ. ಅಮೆರಿಕದ ಎಸ್‌ಎಫ್‌ಐ ಪ್ರತಿಷ್ಠಾನವು ಡ್ರ್ಯಾಗ್ ರೇಸಿಂಗ್‌ನಂತಹ ಸ್ಪರ್ಧೆಗಳಿಗೆ ಕ್ಲಚ್, ಫ್ಲೈವೀಲ್ ಮತ್ತು ತುಂಡುಗಳನ್ನು ತಡೆಯಬಲ್ಲ ಬೆಲ್ ಹೌಸಿಂಗ್‌ಗಳ ಮಾನದಂಡಗಳನ್ನು ರೂಪಿಸಿದೆ.

ಪೆಡಲ್ ತುಳಿದಿದ್ದರೂ ಘರ್ಷಣಾ ಫಲಕಗಳು ಗೇರ್‌ಬಾಕ್ಸಿನೊಂದಿಗೆ ತಿರುಗುತ್ತಲೇ ಇರುತ್ತವೆ ಎಂಬುದನ್ನು ಚಾಲಕರು ತಿಳಿದಿರಬೇಕು. ನಾಲ್ಕನೆಯ ಗೇರಿನ ಅನುಪಾತ 1.3, ಎರಡನೆಯದರದು 2.2 ಇರುವ ಕಾರಿನಲ್ಲಿ, ನಾಲ್ಕನೆಯ ಗೇರಿನಲ್ಲಿ ನಿಮಿಷಕ್ಕೆ 7,000 ಸುತ್ತು ತಿರುಗುತ್ತಿರುವಾಗ ತಪ್ಪಿ ಎರಡನೆಯ ಗೇರ್ ಹಾಕಿದರೆ ಫಲಕಗಳು ಸುಮಾರು 11,800 ಸುತ್ತಿನ ವೇಗಕ್ಕೆ ಏರುತ್ತವೆ. ಪೆಡಲನ್ನು ಮೇಲೆ ಬಿಡದಿದ್ದರೆ ಎಂಜಿನ್ ಉಳಿಯಬಹುದು, ಫಲಕಗಳು ಒಡೆಯಬಹುದು. ಇಂತಹ ತಪ್ಪಿನ ನಂತರ ಕ್ಲಚ್ ಬಿಚ್ಚಿ ನೋಡದೆ ಕಾರನ್ನು ಮತ್ತೆ ಟ್ರ್ಯಾಕಿಗೆ ಇಳಿಸಬಾರದು.

ಬಿಚ್ಚಿದ ಕ್ಲಚ್‌ನ ಧೂಳನ್ನು ಗಾಳಿ ಊದಿ ಹಾರಿಸಬಾರದು. ಹಳೆಯ ಘರ್ಷಣಾ ಪದರಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು.

ಭಾರತದಲ್ಲಿ

ಭಾರತದ ರಸ್ತೆಗಳಲ್ಲಿ ಬಹುಫಲಕ ಕ್ಲಚ್ ಅಪರೂಪದ ವಸ್ತುವಲ್ಲ. ಗೇರ್ ಇರುವ ಬಹುತೇಕ ಬೈಕುಗಳಲ್ಲಿ ಎಣ್ಣೆಯಲ್ಲಿ ಮುಳುಗಿದ ಬಹುಫಲಕ ಕ್ಲಚ್ ಇರುತ್ತದೆ. ಎಣ್ಣೆಯಲ್ಲಿ ಘರ್ಷಣಾಂಕ ಸುಮಾರು 0.1ಕ್ಕೆ ಇಳಿಯುವುದರಿಂದ ಅಲ್ಲಿ ಫಲಕಗಳ ಸಂಖ್ಯೆ ಹೆಚ್ಚು ಬೇಕಾಗುತ್ತದೆ. ಆದರೆ ಎಣ್ಣೆಯೇ ಶಾಖವನ್ನು ಹೊತ್ತೊಯ್ಯುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗಾಗಿ ನಿರ್ಮಿಸುವ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಾಗಿ ಬೈಕಿನ ಎಂಜಿನ್ ಇರುವುದರಿಂದ ಅದರೊಳಗಿನ ಕ್ಲಚ್ಚೇ ಕಾರಿನ ಕ್ಲಚ್ ಆಗುತ್ತದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ಸೇರಿದಂತೆ ಕರ್ನಾಟಕದ ಹಲವು ವಿದ್ಯಾರ್ಥಿ ತಂಡಗಳು ಇಂತಹ ಸ್ಪರ್ಧೆಗಳಲ್ಲಿ ಭಾಗವಹಿಸಿವೆ. ಬೈಕನ್ನು ಹೊರಡಿಸಲು ರೂಪಿಸಿದ ಕ್ಲಚ್ ಅದಕ್ಕಿಂತ ಭಾರವಾದ ಕಾರನ್ನು ಎಳೆಯಬೇಕಾದಾಗ, ಮೇಲೆ ವಿವರಿಸಿದ ಟಾರ್ಕ್ ಮತ್ತು ಶಾಖಗಳ ಲೆಕ್ಕಾಚಾರವು ಆ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ.